14416ಕ್ಕೆ ಮಾಡಿದ ಕರೆ: ಟೆಲಿ-ಮಾನಸ್ ಸೇವೆ ನಮ್ಮ ಮನೆಗೆ ಒದಗಿದ ಬಗೆ

ನನ್ನ ಅಕ್ಕನ ಮಗ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕೋಣೆ ಹಿಡಿದು ಓದುತ್ತಿದ್ದಾನೆ. ದೀಪಾವಳಿಗೆ ಜಮಖಂಡಿಗೆ ಬಂದವನು ಮೂರು ದಿನ ರೊಟ್ಟಿ ಮುಟ್ಟಲಿಲ್ಲ, ರಾತ್ರಿಯಿಡೀ ಅಂಗಳದಲ್ಲಿ ಅಡ್ಡಾಡಿದ, ಮಾತುಮಾತಿಗೂ ಸಿಡುಕಿದ. ವರ್ಷದಿಂದ ಗಾಂಜಾ ಸೇದುತ್ತಿದ್ದೇನೆಂದೂ ಈಗ ಸಿಗದೆ ಹೀಗಾಗಿದೆಯೆಂದೂ ನನ್ನೆದುರು ಒಪ್ಪಿಕೊಂಡಾಗ ರಾತ್ರಿ ಹನ್ನೊಂದು ದಾಟಿತ್ತು. ಆ ಹೊತ್ತಿನಲ್ಲಿ ನಾವು ಕರೆ ಮಾಡಿದ್ದು 14416ಕ್ಕೆ.

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ, ಮಾನಸಿಕ ಆರೋಗ್ಯಕ್ಕೆ ಫೋನಿನಲ್ಲೇ ನೆರವು ನೀಡುವ ಟೆಲಿ-ಮಾನಸ್ ಸೇವೆಯ ಸಂಖ್ಯೆಯಿದು. ಹಗಲು ರಾತ್ರಿ ದೊರೆಯುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡವನ್ನು ಆರಿಸಿಕೊಳ್ಳಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ. ಅಗತ್ಯ ಕಂಡರೆ ಮನೋವೈದ್ಯರಂತಹ ತಜ್ಞರಿಗೆ ಕರೆಯನ್ನು ದಾಟಿಸುತ್ತಾರೆ.

ನಮಗೆ ಸಿಕ್ಕ ಸಮಾಲೋಚಕಿ ಹುಡುಗನನ್ನು ಮೊದಲು ಕೇಳಿದ್ದು ಗಾಂಜಾದ ಬಗ್ಗೆಯಲ್ಲ, ನಿದ್ದೆಯ ಬಗ್ಗೆ. ಆಮೇಲೆ ಊಟ, ಓದು, ಗೆಳೆಯರು. ಸಾಯಬೇಕೆಂಬ ಯೋಚನೆ ಬಂದಿದೆಯೇ ಎಂಬುದನ್ನೂ ಅಳುಕಿಲ್ಲದೆ ಕೇಳಿದರು. ಬಹುದಿನ ಸೇದಿ ಒಮ್ಮೆಲೇ ಬಿಟ್ಟಾಗ ನಿದ್ದೆಗೇಡು, ಸಿಟ್ಟು, ಹಸಿವಿಲ್ಲದಿರುವುದು ಮೊದಲ ವಾರದಲ್ಲಿ ಹೆಚ್ಚಿದ್ದು, ಸಾಮಾನ್ಯವಾಗಿ ಎರಡು ವಾರಗಳಲ್ಲಿ ತಗ್ಗುತ್ತ ಬರುತ್ತವೆಂದು ಅವರು ತಿಳಿಸಿದಾಗ, ಮಗನಿಗೆ ಹುಚ್ಚು ಹಿಡಿಯಿತೆಂದೇ ನಂಬಿದ್ದ ಅಕ್ಕನ ಉಸಿರು ಹಗುರಾಯಿತು. ಈ ಒಂದು ವಿವರಣೆಗಾಗಿಯೇ ನಾನು ಈ ಸೇವೆಗೆ ಋಣಿ.

ನಡುವೆ ಹುಡುಗ ಫೋನಿಗೆ ಕೈ ಅಡ್ಡವಿಟ್ಟು, “ಮಾಮಾ, ಪೊಲೀಸರಿಗೆ ಹೇಳತಾರೇನು?” ಎಂದು ಪಿಸುಗುಟ್ಟಿದ. ಸಹಾಯ ಕೇಳದಂತೆ ಹುಡುಗರನ್ನು ತಡೆಯುವುದು ಬಹುಮಟ್ಟಿಗೆ ಈ ಭಯವೇ. ಗಾಂಜಾ ಸೇವನೆ ಅಪರಾಧವೆಂಬುದು ನಿಜ. ಆದರೆ 1985ರ ಮಾದಕ ವಸ್ತುಗಳ ಕಾಯ್ದೆಯ 64ಎ ಕಲಮು, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಅವನನ್ನು ವಿಚಾರಣೆಯಿಂದ ಕಾಯುತ್ತದೆ, ಚಿಕಿತ್ಸೆಯನ್ನು ಪೂರ್ತಿಗೊಳಿಸಬೇಕೆಂಬ ಷರತ್ತಿನೊಡನೆ. ಈ ಮಾತು ಪ್ರತಿ ಕಾಲೇಜಿನ ಗೋಡೆಯ ಮೇಲೆ ಇರಬೇಕಿತ್ತು.

ಕರೆ ಮಾಡಿದ ಮೇಲೆ ನಾವು ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರವನ್ನೂ ವಿಚಾರಿಸಿದೆವು. ಅಲ್ಲಿ ಹುಡುಗನನ್ನು ನೋಡುವ ಮೊದಲೇ ಮೂರು ತಿಂಗಳ ಹಣ ಕೇಳಿದರು. ಅಷ್ಟು ದಿನ ತಾಯಿಯೂ ಭೇಟಿಯಾಗುವಂತಿಲ್ಲವೆಂದರು. ವೈದ್ಯರು ಯಾರೆಂದು ಕೇಳಿದ್ದಕ್ಕೆ ನೇರ ಉತ್ತರ ಬರಲಿಲ್ಲ. ಹದಿಹರೆಯ ದಾಟಿದ ಹುಡುಗನನ್ನು ಮೂಟೆಯಂತೆ ಒಪ್ಪಿಸಿ ಬರಲು ನನಗೆ ಮನಸ್ಸಾಗಲಿಲ್ಲ.

ಫೋನಿಗೆ ಅದರದೇ ಮಿತಿಯಿದೆ. ಅದು ನಾಡಿ ಹಿಡಿಯಲಾರದು, ಬೇರೆ ಮಾತ್ರೆ ನುಂಗಿದ್ದಾನೆಯೇ ಎಂದು ಪರೀಕ್ಷಿಸಲಾರದು. ಸಮಾಲೋಚಕಿಯೂ ಇದನ್ನೇ ಹೇಳಿ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಲು ಸೂಚಿಸಿದರು. ಆ ಮರುವಾರವೇ ಬಾಗಲಕೋಟೆಯ ನವನಗರದಲ್ಲಿರುವ ಆ ಆಸ್ಪತ್ರೆಗೆ ಕರೆದೊಯ್ದೆವು. ಪ್ರಜ್ಞೆ ತಪ್ಪಿದವರಿಗೆ, ಉಸಿರಾಟ ನಿಧಾನವಾದವರಿಗೆ ಈ ಸಂಖ್ಯೆಯಲ್ಲ, 108ರ ಆಂಬ್ಯುಲೆನ್ಸ್ ಬೇಕು.

ಇನ್ನೊಂದು ಸಂಗತಿ. ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ಒಂದೇ ಅಂಕಿಯ ವ್ಯತ್ಯಾಸ. ಗಾಬರಿಯಲ್ಲಿ ತಪ್ಪಿ ಒತ್ತಿದರೂ ಕರೆ ಸೇರುವುದು ಸಹಾಯ ಮಾಡುವವರಿಗೇ.