ಉಪ್ಪಿನಂಶ ಅಳೆಯಲು ನಾಲ್ಕು ಸಾಧನ: ಯಾವುದು ಎಲ್ಲಿ ಕೈಕೊಡುತ್ತದೆ

ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕಿನಲ್ಲಿ ಕ್ಯಾಲ್ಸಿಯಂ ಟೆಸ್ಟ್ ಕಿಟ್ 360 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 360 ಭಾಗ) ತೋರಿಸುತ್ತಿದೆ, ಮೆಗ್ನೀಸಿಯಂ 1130. ಎರಡನ್ನೂ ಹೆಚ್ಚಿಸುವ ಡೋಸಿಂಗ್ ದ್ರಾವಣದ ಬಾಟಲಿ ತರುವ ಮೊದಲು ಒಂದು ಲೆಕ್ಕ ಹಾಕಿ ನೋಡಿ. 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ) ಉಪ್ಪಿರುವ ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ ಸುಮಾರು 410 ಪಿಪಿಎಂ, ಮೆಗ್ನೀಸಿಯಂ ಸುಮಾರು 1290. ಹವಳ ತಿಂದು ಖಾಲಿ ಮಾಡುವುದಾದರೆ ಕ್ಯಾಲ್ಸಿಯಂ ಮೊದಲು ಇಳಿಯುತ್ತದೆ, ಮೆಗ್ನೀಸಿಯಂ ಹೆಚ್ಚು ಕದಲುವುದಿಲ್ಲ. ಎರಡೂ ಒಟ್ಟಿಗೆ ಶೇ 12ರಷ್ಟು ಬಿದ್ದಿದ್ದರೆ ಅನುಮಾನ ಪಡಬೇಕಾದದ್ದು ನೀರಿನ ಉಪ್ಪನ್ನೇ: ಅದು 31ರ ಆಸುಪಾಸಿಗೆ ಇಳಿದಿರಬೇಕು. ಆದರೆ ಮೀಟರ್ ಮಾತ್ರ 35 ಎನ್ನುತ್ತದೆ. ಒಂದೇ ಬಕೆಟ್ ನೀರಿಗೆ ನಾಲ್ಕು ಬಗೆಯ ಸಾಧನ ಹಾಕಿ ನೋಡಿದರೆ ಈ ಗೊಂದಲ ಎಲ್ಲಿಂದ ಬರುತ್ತದೆಂದು ತಿಳಿಯುತ್ತದೆ.

ಎಲ್ಲಕ್ಕಿಂತ ಅಗ್ಗದ್ದು, ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ತೇಲುವ ಹೈಡ್ರೋಮೀಟರ್ (ನೀರಿನ ಸಾಂದ್ರತೆಯಿಂದ ಉಪ್ಪು ಅಳೆಯುವ ಸಾಧನ). ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಅದು ಮೇಲೇಳುತ್ತದೆ, ರೀಡಿಂಗ್ ಏರುತ್ತದೆ. ಉಪ್ಪಿನ ಪೊರೆ ಕಟ್ಟಿಕೊಂಡರೆ ಭಾರವಾಗಿ ಕೆಳಗಿಳಿಯುತ್ತದೆ, ರೀಡಿಂಗ್ ಕಮ್ಮಿ. ಬೆರಳಿಂದ ತಟ್ಟಿ ಗುಳ್ಳೆ ಬಿಡಿಸಬಹುದು, ಪೊರೆಯನ್ನು ವಿನೆಗರ್‌ನಲ್ಲಿ ನೆನೆಸಿ ತೆಗೆಯಬಹುದು. ಇಷ್ಟೆಲ್ಲ ಮಾಡಿದ ಮೇಲೂ ಹೊಸ ಉಪ್ಪುನೀರು ಕಲಸುವಾಗ ಅಂದಾಜು ನೋಡುವುದಕ್ಕಷ್ಟೇ ಅದು ಸರಿ. ಟ್ಯಾಂಕಿನ ವಿಷಯದಲ್ಲಿ ಅದರ ಮಾತು ಕೇಳಬೇಡಿ.

ಗಾಜಿನ ತೇಲುವ ಹೈಡ್ರೋಮೀಟರನ್ನು ಹಳೆಯ ಕಾಲದ್ದೆಂದು ಮೂಲೆಗೆ ತಳ್ಳುವವರೇ ಹೆಚ್ಚು. ಅದು ಅನ್ಯಾಯ. ಒಡೆಯದಿದ್ದರೆ, ಒಳಗಿನ ಕಾಗದದ ಸ್ಕೇಲ್ ಜಾರದಿದ್ದರೆ ಅದು ಕೆಡುವುದಿಲ್ಲ; ಕ್ಯಾಲಿಬ್ರೇಶನ್, ಅಂದರೆ ಉಪ್ಪು ಗೊತ್ತಿರುವ ದ್ರಾವಣಕ್ಕೆ ಹೊಂದಿಸುವ ಗೋಜೂ ಇಲ್ಲ. ಎಡವುವುದು ತಾಪಮಾನದಲ್ಲಿ. ಸ್ಕೇಲಿನ ಮೇಲೆ ಅದನ್ನು ಯಾವ ತಾಪಮಾನಕ್ಕೆ ತಯಾರಿಸಿದ್ದೆಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 15.6 ಸೆಲ್ಸಿಯಸ್ ಎಂದಿದ್ದರೆ, 27 ಡಿಗ್ರಿಯ ಸರಿಯಾದ 35 ಪಿಪಿಟಿ ನೀರಿನಲ್ಲಿ ಅದು ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ) 1.024ರ ಹತ್ತಿರ ನಿಲ್ಲುತ್ತದೆ. 25 ಡಿಗ್ರಿಗೆ ಮಾಡಿದ ಸ್ಕೇಲಿನಲ್ಲಿ 25 ಡಿಗ್ರಿಯ ಅದೇ ನೀರು 1.0264. ಈ ವ್ಯತ್ಯಾಸ ಗೊತ್ತಿಲ್ಲದೆ 1.024 ನೋಡಿ ಉಪ್ಪು ಸುರಿದರೆ ಟ್ಯಾಂಕ್ 38 ಪಿಪಿಟಿ ದಾಟುತ್ತದೆ. ಓದುವಾಗ ಕಣ್ಣು ನೀರಿನ ಮಟ್ಟಕ್ಕಿರಲಿ; ಗಾಜಿಗೆ ಅಂಟಿ ಮೇಲೇರಿದ ಅಂಚನ್ನಲ್ಲ, ಸಮತಟ್ಟಾದ ನೀರಿನ ಗೆರೆಯನ್ನು ಓದಬೇಕು.

ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಎಲ್ಲರ ಬಳಿ ಇರುವುದು, ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದೂ ಅದೇ. ಮೊದಲ ದೋಷ ಸ್ಕೇಲಿನದು. ಅಗ್ಗದವು ಬಹಳಷ್ಟು ಅಡುಗೆ ಉಪ್ಪಿನ ದ್ರಾವಣಕ್ಕೆಂದು ಮಾಡಿದವು. ಡಿಸ್ಟಿಲ್ಡ್ ವಾಟರಿನಲ್ಲಿ ಸೊನ್ನೆಗೆ ತಿರುಗಿಸಿ ಕೂರಿಸಿದರೂ ನಿಜವಾದ 35 ಪಿಪಿಟಿ ಸಮುದ್ರದ ನೀರಿಗೆ ಅವು ಸುಮಾರು 36.5 ತೋರಿಸುತ್ತವೆ. ಎರಡನೆಯದು, ಸೊನ್ನೆಯಲ್ಲಿ ಸರಿಯಿದ್ದ ಮಾತ್ರಕ್ಕೆ 35ರಲ್ಲೂ ಸರಿ ಎಂದಾಗುವುದಿಲ್ಲ. ಆದ್ದರಿಂದ ಕ್ಯಾಲಿಬ್ರೇಶನ್ ಅನ್ನು 35 ಪಿಪಿಟಿಯ ದ್ರಾವಣದಲ್ಲೇ ಮಾಡಬೇಕು. ಅಂಗಡಿಯದು ಸಿಗದಿದ್ದರೆ 963.5 ಗ್ರಾಂ ಡಿಸ್ಟಿಲ್ಡ್ ವಾಟರಿಗೆ 36.5 ಗ್ರಾಂ ಒಣಗಿದ ಅಡುಗೆ ಉಪ್ಪು ಕರಗಿಸಿ. ಅದರ ವಕ್ರೀಭವನ 35 ಪಿಪಿಟಿ ಸಮುದ್ರದ ನೀರಿನದಕ್ಕೆ ಸಮ. ಉಪ್ಪನ್ನು 0.1 ಗ್ರಾಂ ತೋರಿಸುವ ತಕ್ಕಡಿಯಲ್ಲೇ ತೂಗಿ. ಒಂದು ಗ್ರಾಂ ಆಚೀಚೆಯಾದರೆ ಸುಮಾರು 1 ಪಿಪಿಟಿ ತಪ್ಪು. ಈ ದ್ರಾವಣ ರಿಫ್ರಾಕ್ಟೋಮೀಟರಿಗೆ ಮಾತ್ರ, ಕೆಳಗೆ ಹೇಳುವ ಪೆನ್ನಿಗಲ್ಲ.

ದ್ರಾವಣದ ಮುಚ್ಚಳ ಸಡಿಲವಿದ್ದರೆ ನೀರು ಆವಿಯಾಗಿ ಅದೇ 38 ಆಗಿ ಕೂತಿರುತ್ತದೆ. ಅದಕ್ಕೆ 35 ಎಂದು ಕೂರಿಸಿದ ಮೀಟರ್ ಸರಿಯಾದ ಟ್ಯಾಂಕನ್ನು 32 ಎನ್ನುತ್ತದೆ. ಗಾಜಿನ ಮೇಲೆ ಎರಡು ಮೂರು ಹನಿ ಬಿಟ್ಟು, ಗುಳ್ಳೆಯಿಲ್ಲದಂತೆ ಮೇಲಿನ ಮುಚ್ಚಳದ ರೆಕ್ಕೆ ಮುಚ್ಚಿ, ಅರ್ಧ ನಿಮಿಷ ಕಾದು ಓದಿ. ಫ್ಯಾನಿನ ಕೆಳಗೆ ಹೆಚ್ಚು ಹೊತ್ತು ಬಿಟ್ಟರೆ ಹನಿಯ ಅಂಚು ಒಣಗಿ ರೀಡಿಂಗ್ ಏರುತ್ತದೆ. ಒಳಗೆ ಕಾಣುವ ನೀಲಿ-ಬಿಳಿ ಗಡಿ ಮಸುಕಾಗಿದ್ದರೆ ಹನಿ ಸಾಲದು ಅಥವಾ ಗಾಜು ಕೊಳೆ. ತಾಪಮಾನ ತಾನೇ ಸರಿಪಡಿಸಿಕೊಳ್ಳುವ ಮಾದರಿಗೂ ಮಿತಿ ಸಾಮಾನ್ಯವಾಗಿ 10ರಿಂದ 30 ಡಿಗ್ರಿ. ಟ್ಯಾಂಕಿನ ಬಿಸಿ ಲೈಟಿನ ಮೇಲೆ ಇಟ್ಟಿದ್ದನ್ನು ಎತ್ತಿಕೊಂಡು ತಕ್ಷಣ ಅಳೆಯಬೇಡಿ. ಸೊನ್ನೆ ಸುಮ್ಮನೆ ಪರೀಕ್ಷಿಸುವುದಕ್ಕೆ ಅಡುಗೆಮನೆಯ ಆರ್‌ಒ ನೀರು ನಡೆಯುತ್ತದೆ: ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) 100 ಪಿಪಿಎಂ ಇದ್ದರೂ ತಪ್ಪು 0.1 ಪಿಪಿಟಿ ಮಾತ್ರ. ಅದೇ ನೀರನ್ನು ಟ್ಯಾಂಕಿಗೆ ಟಾಪ್-ಅಪ್ ಮಾಡುವುದು (ಆವಿಯಾದ ನೀರಿನ ಜಾಗಕ್ಕೆ ತುಂಬುವುದು) ಬೇರೆ ಮಾತು, ಬೇಡ.

ವಿದ್ಯುತ್ ವಾಹಕತೆ ಅಳೆಯುವ ಡಿಜಿಟಲ್ ಪೆನ್ ಬೇಗ, ಕಣ್ಣಿಗೆ ಸುಲಭ. ಆದರೆ ಸೆನ್ಸರ್‌ನ ರಂಧ್ರದಲ್ಲಿ ಗುಳ್ಳೆ ಸಿಕ್ಕಿಕೊಂಡರೆ ರೀಡಿಂಗ್ ಕೆಳಗೆ ಬೀಳುತ್ತದೆ. ನೀರಿನೊಳಗೇ ಅಲ್ಲಾಡಿಸಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಕ್ಯಾಲಿಬ್ರೇಶನ್ ದ್ರಾವಣದ ಸ್ಯಾಶೆಯನ್ನು ಉಳಿಸಿ ಮತ್ತೆ ಬಳಸುವುದು ಎಲ್ಲರೂ ಮಾಡುವ ಕಂಜೂಸಿತನ. ಒಮ್ಮೆ ಅದ್ದಿದ ಸ್ಯಾಶೆ ಕೆಟ್ಟಂತೆಯೇ.

ನಮ್ಮ ಆಯ್ಕೆ: 35ರ ದ್ರಾವಣದಲ್ಲಿ ಕೂರಿಸಿದ ರಿಫ್ರಾಕ್ಟೋಮೀಟರ್, ಸಾಕ್ಷಿಗೆ ಗಾಜಿನ ಹೈಡ್ರೋಮೀಟರ್. ಎರಡೂ ಒಪ್ಪಿದರೆ ಮುಗಿಯಿತು. ಹಣವಿದ್ದರೆ ದಿನಬಳಕೆಗೆ ಪೆನ್ ಸೇರಿಸಿ, ಒಂದೇ ಮೀಟರಾಗಿ ಅಲ್ಲ.

ನಿಜಕ್ಕೂ 31 ಇದ್ದರೆ ಟ್ಯಾಂಕಿಗೆ ಉಪ್ಪು ಸುರಿಯಬೇಡಿ. ಟಾಪ್-ಅಪ್ ಸಿಹಿನೀರಿನ ಬದಲು 35 ಪಿಪಿಟಿಯ ಉಪ್ಪುನೀರು ಹಾಕಿ. 100 ಲೀಟರ್ ಟ್ಯಾಂಕಿನಿಂದ ದಿನಕ್ಕೆ 2 ಲೀಟರ್ ಆವಿಯಾಗುತ್ತಿದ್ದರೆ ದಿನಕ್ಕೆ 0.7 ಪಿಪಿಟಿಯಂತೆ ಏರಿ ಸುಮಾರು ಆರು ದಿನಕ್ಕೆ 35 ಮುಟ್ಟುತ್ತದೆ. ದಿನಕ್ಕೆ 1ಕ್ಕಿಂತ ಹೆಚ್ಚು ಏರಿಸಬೇಡಿ. ಜೊತೆಗೆ ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರಿನ ಕಪ್ ನೋಡಿ. ತೆಳುವಾದ, ನೀರಿನಂಥ ಕೊಳೆ ದಿನಕ್ಕೆ ಅರ್ಧ ಲೀಟರ್ ತುಂಬುತ್ತಿದ್ದು, ಆಟೋ ಟಾಪ್-ಅಪ್ ಅಷ್ಟೂ ಜಾಗಕ್ಕೆ ಸಿಹಿನೀರು ತುಂಬುತ್ತಿದ್ದರೆ, ಮೂರು ವಾರದಲ್ಲಿ 3 ಪಿಪಿಟಿಗೂ ಹೆಚ್ಚು ಉಪ್ಪು ಅಲ್ಲೇ ಹೋಗುತ್ತದೆ. ಸ್ಕಿಮ್ಮರಿನ ನೀರಿನ ಮಟ್ಟ ಇಳಿಸಿ, ಉಪ್ಪು 35ಕ್ಕೆ ನಿಂತ ಮೇಲೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತೆ ಅಳೆಯಿರಿ; ಡೋಸಿಂಗ್ ಬೇಕೋ ಬೇಡವೋ ಆಗ ನೋಡಿದರಾಯಿತು.