ಒಂದೇ ಗಿಟಾರ್, ಮೂರು ನಕಲಿ ಆಂಪ್

ಗಣೇಶನ ಹಬ್ಬದ ಆರ್ಕೆಸ್ಟ್ರಾ ಸ್ಟೇಜ್ ಮೇಲೆ ಗಿಟಾರ್ ಆಂಪ್, ಅಂದರೆ ಆಂಪ್ಲಿಫೈಯರ್, ನೋಡಿದ ನೆನಪು ನನಗಿಲ್ಲ. ಕೀಬೋರ್ಡ್‌ನವರು, ಪ್ಯಾಡ್‌ನವರು ಮಿಕ್ಸರ್‌ಗೆ ವೈರ್ ಚುಚ್ಚಿದ ಹಾಗೆ ನಾವೂ ಚುಚ್ಚಬೇಕು. "ಮೇಡಂ, ಗಿಟಾರ್ ಲೈನ್ ಕೊಡಿ" ಅಂತ ಸೌಂಡ್‌ನವರು ಕೂಗುತ್ತಾರೆ. ಎಲೆಕ್ಟ್ರಿಕ್ ಗಿಟಾರನ್ನು ಹಾಗೇ ನೇರ ಕೊಟ್ಟರೆ ತಗಡಿನ ಡಬ್ಬಿ ಕೆರೆದ ಹಾಗಿರುತ್ತದೆ. ಈ ವಾದ್ಯದ ಅರ್ಧ ದನಿ ಇರುವುದೇ ಆಂಪ್ ಮತ್ತು ಅದರ ಸ್ಪೀಕರ್‌ನಲ್ಲಿ. ಹಾಗಾಗಿ ಆಂಪ್‌ನ ವೇಷ ಹಾಕುವ ಡಿಜಿಟಲ್ ಪೆಟ್ಟಿಗೆ ನಮಗೆ ಷೋಕಿಯಲ್ಲ. ನಮ್ಮವರು ಅದನ್ನು ಪ್ರೊಸೆಸರ್ ಅಂತ ಕರೆಯುತ್ತಾರೆ.

ಕಳೆದ ಮಳೆಗಾಲದಲ್ಲಿ ಕಾರ್ಯಕ್ರಮಗಳು ಕಡಿಮೆ ಇದ್ದಾಗ ಇಂಥ ಮೂರನ್ನು ಎದುರುಬದುರು ಇಟ್ಟುಕೊಂಡು ಕೇಳಿದೆ. ಮೊದಲನೆಯದು ಲೈನ್ 6 ಕಂಪನಿಯ ಎಚ್‌ಎಕ್ಸ್ ಸ್ಟಾಂಪ್. 1998ರಲ್ಲಿ ಪಾಡ್ ಅನ್ನುವ ಕೆಂಪು ಪೆಟ್ಟಿಗೆ ತಂದವರು ಇವರೇ. ಸ್ಟಾಂಪ್ ಬಂದದ್ದು 2018ರಲ್ಲಿ. ಎರಡನೆಯದು ಇಟಲಿಯ ಐಕೆ ಮಲ್ಟಿಮೀಡಿಯಾದ ಟೋನೆಕ್ಸ್ ಒನ್, 2024ರದ್ದು, ಅಂಗೈ ಮೇಲೆ ಕೂರುವಷ್ಟು ಪುಟ್ಟದು. ಮೂರನೆಯದು ಪೆಟ್ಟಿಗೆಯೇ ಅಲ್ಲ. ನ್ಯೂರಲ್ ಆಂಪ್ ಮಾಡೆಲರ್, ಚಿಕ್ಕದಾಗಿ ನ್ಯಾಮ್. ಸ್ಟೀವನ್ ಆಟ್ಕಿನ್ಸನ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಸಾಫ್ಟ್‌ವೇರ್. ಲ್ಯಾಪ್‌ಟಾಪ್ ಇದ್ದರೆ ಪೂರ್ತಿ ಪುಕ್ಕಟೆ. ಒಂದು ಸ್ಟಾಂಪ್ ಕೊಳ್ಳುವ ದುಡ್ಡಿಗೆ ಹೆಚ್ಚುಕಡಿಮೆ ಮೂರು ಟೋನೆಕ್ಸ್ ಒನ್ ಬರುತ್ತವೆ. ನನ್ನದು ಸ್ಟಾಂಪ್ ಮಾತ್ರ. ಟೋನೆಕ್ಸ್ ತಮ್ಮನದು. ಅವನು ಕೀಬೋರ್ಡ್ ನುಡಿಸುವವನು, ಆದರೆ ಸಣ್ಣ ಪೆಟ್ಟಿಗೆ ಕಂಡರೆ ಕೊಳ್ಳದೆ ಬಿಡುವವನಲ್ಲ.

ಮೂರೂ ಮಾಡುವ ಕೆಲಸ ಒಂದೇ ಅನ್ನಿಸಿದರೂ ದಾರಿ ಬೇರೆ. ಸ್ಟಾಂಪ್ ಒಳಗೆ ಆಂಪ್‌ನ ಸರ್ಕ್ಯೂಟನ್ನು ಲೆಕ್ಕದಲ್ಲಿ ಕಟ್ಟಿರುತ್ತಾರೆ. ವಾಲ್ವ್ (ಸಿಗ್ನಲ್ ಹಿಗ್ಗಿಸುವ ಗಾಜಿನ ಕೊಳವೆ), ಟೋನ್ ಕಂಟ್ರೋಲ್, ಟ್ರಾನ್ಸ್‌ಫಾರ್ಮರ್ ಎಲ್ಲ ಲೆಕ್ಕವೇ. ಟೋನೆಕ್ಸ್ ಮತ್ತು ನ್ಯಾಮ್ ಹಾಗಲ್ಲ. ನಿಜವಾದ ಆಂಪ್ ಒಳಗೆ ಕೆಲವು ನಿಮಿಷದ ಪರೀಕ್ಷೆ ಸದ್ದು ಕಳಿಸುತ್ತಾರೆ. ಒಳಗೆ ಹೋದದ್ದು ಏನು, ಹೊರಗೆ ಬಂದದ್ದು ಏನು ಅಂತ ಕಂಪ್ಯೂಟರ್‌ಗೆ ಕಲಿಸುತ್ತಾರೆ. ಇದಕ್ಕೆ ಕ್ಯಾಪ್ಚರ್ ಅನ್ನುತ್ತಾರೆ. ಅಂದರೆ ಒಂದು ಚಿತ್ರ ಬರೆದದ್ದು, ಇನ್ನೊಂದು ಫೋಟೋ ತೆಗೆದದ್ದು.

ಹೋಲಿಕೆಗೆ ಅಸಲಿ ಬೇಕಲ್ವಾ? ಪರಿಚಯದ ಸ್ಟುಡಿಯೋ ಒಂದರಲ್ಲಿ ಫೆಂಡರ್ ಡಿಲಕ್ಸ್ ರಿವರ್ಬ್ ಇತ್ತು. 22 ವಾಟ್, 12 ಇಂಚಿನ ಒಂದೇ ಸ್ಪೀಕರ್, ಎರಡು 6ವಿ6 ವಾಲ್ವ್. ಅಲ್ಲಿ ನುಡಿಸಿದ್ದನ್ನು ಎರಡು ಟ್ರ್ಯಾಕ್ ಮಾಡಿಕೊಂಡು ಬಂದೆ. ಒಂದು ಮೈಕ್‌ನದು, ಇನ್ನೊಂದು ಬರೀ ಗಿಟಾರ್‌ನದು. ಆ ಬರೀ ಗಿಟಾರ್ ಟ್ರ್ಯಾಕನ್ನೇ ಮನೆಯಲ್ಲಿ ಮೂರರ ಒಳಗೂ ಹರಿಸಿದೆ. ಕ್ಯಾಪ್ಚರ್‌ಗಳು ಇನ್ನಾರೋ ತಮ್ಮ ಡಿಲಕ್ಸ್‌ನಿಂದ ಮಾಡಿ ಹಂಚಿದವು. ಹಾಗಾಗಿ ಸ್ಟುಡಿಯೋದ ಅದೇ ಆಂಪ್ ಅಲ್ಲ, ಅದರ ಅಣ್ಣತಮ್ಮಂದಿರು.

ಮೊದಲ ಸುತ್ತಿನಲ್ಲೇ ಮೋಸ ಹೋದೆವು. ತಮ್ಮ ಕಣ್ಣು ಮುಚ್ಚಿ ಕೂತು, "ಅಕ್ಕಾ, ಎರಡನೆಯದೇ ಕಣೇ, ಅನುಮಾನವೇ ಇಲ್ಲ" ಅಂದ. ಎರಡನೆಯದು ಟೋನೆಕ್ಸ್. ಅವನ ಪೆಟ್ಟಿಗೆ ಗೆದ್ದಿತು ಅಂತ ಅವನಿಗೆ ಖುಷಿ. ಮೀಟರ್ ನೋಡಿದರೆ ಅದು ಉಳಿದವಕ್ಕಿಂತ 2 ಡೆಸಿಬೆಲ್ ಜೋರಾಗಿತ್ತು. ನಾನು ಸುಮ್ನೆ ಒಂದು ಕುಚೋದ್ಯ ಮಾಡಿದೆ. ಸ್ಟಾಂಪ್‌ನ ಒಂದೇ ಫೈಲನ್ನು ಎರಡು ಸಲ ಕೇಳಿಸಿದೆ, ಎರಡನೆಯದನ್ನು 2 ಡೆಸಿಬೆಲ್ ಏರಿಸಿ. "ಇದು ಜಾಸ್ತಿ ತುಂಬಿಕೊಂಡಿದೆ, ಬಾಸ್ ಚೆನ್ನಾಗಿದೆ" ಅಂದ! ಯೂಟ್ಯೂಬ್‌ನಲ್ಲಿ ಇಂಥ ಹೋಲಿಕೆ ನೋಡಿ ಹಿಂದೆ ನಾನು ಎಷ್ಟು ತೀರ್ಪು ಕೊಟ್ಟಿದ್ದೆನೋ.

ಆಮೇಲೆ ಜೋರನ್ನು ಸರಿಗಟ್ಟಿದೆವು. ಇನ್ನೊಂದನ್ನೂ ಮಾಡಿದೆವು: ಮೂರರದ್ದೂ ಒಳಗಿನ ಸ್ಪೀಕರ್ ನಕಲನ್ನು ಆಫ್ ಮಾಡಿ, ಲ್ಯಾಪ್‌ಟಾಪ್‌ನಲ್ಲಿ ಒಂದೇ ಐಆರ್ ಹಾಕಿದೆವು. ಐಆರ್ ಅಂದರೆ ಸ್ಪೀಕರ್, ಅದರ ಮುಂದಿಟ್ಟ ಮೈಕ್ ಎರಡೂ ಸೇರಿದ ದನಿಯ ಅಚ್ಚು. ಇದನ್ನು ಬದಲಿಸಿದರೆ ಆಗುವ ವ್ಯತ್ಯಾಸದ ಮುಂದೆ ಮೂರು ನಕಲಿ ಆಂಪ್‌ಗಳ ನಡುವಿನ ವ್ಯತ್ಯಾಸ ಏನೂ ಅಲ್ಲ. ಮೈಕನ್ನು ಸ್ಪೀಕರ್‌ನ ನಡುವಿಂದ ಅಂಚಿಗೆ ಎರಡು ಬೆರಳು ಸರಿಸಿದ ಐಆರ್ ಹಾಕಿ ನೋಡಿ, ಆಂಪೇ ಬೇರೆ ಅನ್ನಿಸುತ್ತದೆ.

ಹೀಗೆ ಸರಿಮಾಡಿದ ಮೇಲೆ ಮಾರ್ಷಲ್ ಜೆಸಿಎಂ800 ಅನ್ನುವ ರಾಕ್ ಆಂಪ್ ತರದ ಜೋರು ಡಿಸ್ಟಾರ್ಷನ್‌ನಲ್ಲಿ, ಅಂದರೆ ಪೂರ್ತಿ ಒಡೆದ ಒರಟು ದನಿಯಲ್ಲಿ, ಕೇಳಿದೆವು. ಅದರಲ್ಲಿ ಹೇಳಲು ಹೆಚ್ಚೇನಿಲ್ಲ. ಎರಡೆರಡಾಗಿ ಕೇಳಿ ಯಾವುದು ಯಾವುದು ಅಂತ ಊಹಿಸಿದರೆ, ಹತ್ತು ಸಲದಲ್ಲಿ ತಮ್ಮ ಐದು ಸಲ ಸರಿ ಹೇಳಿದ, ನಾನು ಆರು ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಕಥೆ ಇರುವುದು ಕ್ಲೀನ್ (ಒಡೆಯದ ತಿಳಿ ದನಿ) ಮತ್ತು ಡಿಸ್ಟಾರ್ಷನ್ ನಡುವಿನ ಆ ಸಣ್ಣ ಜಾಗದಲ್ಲಿ. ಡಿಲಕ್ಸ್‌ನ ವಾಲ್ಯೂಮ್ 5ರ ಸುತ್ತ ಬಂದಾಗ, ಮೆಲ್ಲಗೆ ಮೀಟಿದರೆ ಗಂಟೆಯಂತಿರುವ ಸ್ವರ ಗಟ್ಟಿಯಾಗಿ ಮೀಟಿದರೆ ಗಂಟಲು ಕಟ್ಟಿದ ಹಾಗೆ ಒಡೆಯುತ್ತದೆ. ರೆಕಾರ್ಡ್ ಮಾಡಿದ ಟ್ರ್ಯಾಕ್ ಕೇಳಿದರೆ ಇಲ್ಲೂ ಮೂರೂ ಹತ್ತಿರ ಹತ್ತಿರವೇ. ಆದರೆ ಗಿಟಾರ್ ಕೈಗೆ ತೆಗೆದುಕೊಂಡು ನುಡಿಸಿದಾಗ ಬೇರೆಯಾದವು. ಗಿಟಾರ್‌ನ ವಾಲ್ಯೂಮ್ ನಾಬನ್ನು 10ರಿಂದ 6ಕ್ಕೆ ಇಳಿಸಿ ಒಂದು ಕಾರ್ಡ್ ಹಿಡಿದೆ. ನ್ಯಾಮ್‌ನಲ್ಲಿ ಒಡಕು ಸ್ವರ ಸ್ವರವಾಗಿ ಕಳಚಿಕೊಂಡು, ಕೊನೆಗೆ ದಪ್ಪ ತಂತಿಗಳಲ್ಲಿ ಮಾತ್ರ ಸ್ವಲ್ಪ ಒರಟು ಉಳಿಯಿತು. ಸ್ಟುಡಿಯೋದಲ್ಲಿ ಅಸಲಿ ಆಂಪ್ ಮುಂದೆ ಕೂತಾಗ ಹೀಗೇ ಆಗಿತ್ತು. ಟೋನೆಕ್ಸ್ ಅದರ ಬೆನ್ನಿಗೇ ಇತ್ತು. ಸ್ಟಾಂಪ್ ಕೊಂಚ ಬಿಗಿ, ಒಡಕಿನಿಂದ ಕ್ಲೀನ್‌ಗೆ ಬೇಗ ಹಾರಿಬಿಡುತ್ತದೆ. ಇದನ್ನು ತಮ್ಮ ಒಪ್ಪಲಿಲ್ಲ. ಅವನ ಕಿವಿಗೆ ಅದು ಬೀಳಲೇ ಇಲ್ಲ. ನನ್ನ ಬೆರಳಿಗೆ ಬಿತ್ತು. ಬೆರಳಿನ ಸಾಕ್ಷಿಯನ್ನು ಎಷ್ಟು ನಂಬಬೇಕೋ ನೀವೇ ಹೇಳಿ.

ಆದರೆ ಮುಂದಿನ ಹೆಜ್ಜೆಯಲ್ಲಿ ಸ್ಟಾಂಪ್ ತಿರುಗಿಬಿತ್ತು. ಡಿಲಕ್ಸ್‌ನ ವೈಬ್ರಾಟೋ ಚಾನೆಲ್‌ನಲ್ಲಿ ವಾಲ್ಯೂಮ್ ನಾಬ್ ಮೇಲೆ 47 ಪಿಕೋಫ್ಯಾರಡ್‌ನ ಒಂದು ಪುಟ್ಟ ಕೆಪ್ಯಾಸಿಟರ್ ಇದೆ. ವಾಲ್ಯೂಮ್ ಕಡಿಮೆ ಇದ್ದಾಗ ಅದು ತಾರ ಸ್ವರಗಳಿಗೆ ಒಳದಾರಿ ಬಿಡುತ್ತದೆ, ದನಿ ಚುರುಕಾಗಿರುತ್ತದೆ. ವಾಲ್ಯೂಮ್ ಏರಿಸಿದಂತೆ ಅದರ ಆಟ ಮುಗಿಯುತ್ತದೆ, ದನಿ ದಪ್ಪವಾಗುತ್ತದೆ. ಸ್ಟಾಂಪ್‌ನಲ್ಲಿ ಡ್ರೈವ್ ನಾಬ್ 3ರಿಂದ 7ಕ್ಕೆ ತಿರುಗಿಸಿದರೆ ಇದೆಲ್ಲ ಹಾಗೇ ಆಗುತ್ತದೆ, ಸರ್ಕ್ಯೂಟಿನ ಲೆಕ್ಕವೇ ಒಳಗಿದೆಯಲ್ಲ. ಟೋನೆಕ್ಸ್‌ನಲ್ಲಿ ಗೇನ್ ತಿರುಗಿಸಿದರೆ ಒಳಗೆ ಹೋಗುವ ಸಿಗ್ನಲ್ ಮಾತ್ರ ಏರುತ್ತದೆ. ನಾಬ್ 3ರಲ್ಲಿ ತೆಗೆದ ಫೋಟೋದ ಚುರುಕು ಹಾಗೇ ಉಳಿದು, ಒಡಕಿನ ಜೊತೆ ಸೇರಿ ಕಿವಿ ಚುಚ್ಚುತ್ತದೆ. ನ್ಯಾಮ್‌ನದೂ ಇದೇ ಪಾಡು. ನಾಬ್ 7ರ ದನಿ ಬೇಕೆಂದರೆ 7ರಲ್ಲಿ ಮಾಡಿದ ಇನ್ನೊಂದು ಕ್ಯಾಪ್ಚರ್ ಹುಡುಕಿ. ಹುಡುಕಲು ಕೂತರೆ ಸಾವಿರಾರು ಸಿಗುತ್ತವೆ, ಸಂಜೆ ಹೋಗುತ್ತದೆ, ಗಿಟಾರ್ ಮೂಲೆಯಲ್ಲೇ ಇರುತ್ತದೆ. ನನಗೆ ಎರಡು ಭಾನುವಾರ ಹೀಗೆ ಹೋದವು.

ನ್ಯಾಮ್ ಪ್ರಯತ್ನಿಸುವವರಿಗೆ ಒಂದು ಮಾತು. ಮೊದಲ ದಿನ ನನಗೆ ಅದು ಕೆಸರಿನಂತೆ ಕೇಳಿಸಿತ್ತು. ತಪ್ಪು ನನ್ನದೇ. ಹಾಡು ರೆಕಾರ್ಡ್ ಮಾಡುವ ಅಭ್ಯಾಸದಲ್ಲಿ ಇಂಟರ್‌ಫೇಸ್‌ನ (ಗಿಟಾರನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ) ಗೇನ್ ಏರಿಸಿಟ್ಟಿದ್ದೆ. ನ್ಯಾಮ್‌ಗೆ ಅದು ಆಂಪ್ ಮುಂದೆ ಬೂಸ್ಟರ್ ಇಟ್ಟ ಹಾಗೆ. ಗೇನ್ ಪೂರ್ತಿ ಇಳಿಸಿ, ಇನ್‌ಪುಟ್ ಇನ್ಸ್ಟ್ರುಮೆಂಟ್‌ಗೆ ಇಟ್ಟ ಮೇಲೆ ಸರಿಹೋಯಿತು. ಇನ್ನು ಮೀಟಿದ್ದು ಕಿವಿಗೆ ಬರುವ ತಡದ ವಿಷಯ. ಬಫರನ್ನು, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಂಡನ್ನು, 64ಕ್ಕೆ ಇಟ್ಟರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಒಟ್ಟು 6 ಮಿಲಿಸೆಕೆಂಡ್ ಸುತ್ತ ಬರುತ್ತದೆ. ಸದ್ದು ಒಂದು ಮಿಲಿಸೆಕೆಂಡ್‌ನಲ್ಲಿ 34 ಸೆಂಟಿಮೀಟರ್ ಹೋಗುತ್ತದೆ, ಅಂದರೆ ಆಂಪ್‌ನಿಂದ ಎರಡು ಮೀಟರ್ ದೂರ ನಿಂತ ಹಾಗೆ. ಅದರಿಂದ ತೊಂದರೆ ಆಗಲಿಲ್ಲ.

ಇಷ್ಟೆಲ್ಲ ಕೋಣೆಯ ಮಾತು. ಹಬ್ಬ ಬಂತು, ಪೆಂಡಾಲ್‌ಗೆ ಹೋದೆವು. ನ್ಯಾಮ್ ಅಲ್ಲಿಗೇ ಕೈಬಿಟ್ಟೆ. ಜನರೇಟರ್ ಕರೆಂಟು, ಧೂಳು, ಮಳೆ ಹನಿ, ಸ್ಟೇಜ್ ಮೇಲೆ ಓಡಾಡುವ ಮಕ್ಕಳು, ಇವುಗಳ ನಡುವೆ ಲ್ಯಾಪ್‌ಟಾಪ್ ಬಿಚ್ಚಲು ನನಗಂತೂ ಧೈರ್ಯವಿಲ್ಲ. ಟೋನೆಕ್ಸ್ ಒನ್‌ಗೆ ಇರುವುದು ಒಂದೇ ಫುಟ್‌ಸ್ವಿಚ್. ಡ್ಯುಯೆಟ್‌ಗೆ ಕೋರಸ್ ಎಫೆಕ್ಟ್ ಹಾಕಿದ ಕ್ಲೀನ್, ಕುಣಿಯುವ ಹಾಡಿಗೆ ಒರಟು ರಿದಮ್, ನಡುವೆ ಡಿಲೇ (ಮಾರ್ದನಿ) ಹಾಕಿದ ಲೀಡ್, ಇಷ್ಟು ಒಂದೇ ಕಾರ್ಯಕ್ರಮದಲ್ಲಿ ಬೇಕಾಗುತ್ತದೆ. ಒಂದು ಸ್ವಿಚ್‌ನಲ್ಲಿ ಆಗದು. ಸ್ಟಾಂಪ್‌ನಲ್ಲಿ ಮೂರು ಸ್ವಿಚ್, ಎಂಟು ಬ್ಲಾಕ್, ಅಂದರೆ ಆಂಪ್, ಎಫೆಕ್ಟ್ ಕೂರಿಸಲು ಎಂಟು ಜಾಗ. ಕಷ್ಟವೆಂದರೆ ಅದಕ್ಕೆ 9 ವೋಲ್ಟ್‌ನಲ್ಲಿ 3 ಆಂಪಿಯರ್ ಬೇಕು. ಮಾಮೂಲಿ ಪೆಡಲ್ ಅಡಾಪ್ಟರ್ ಸಾಲದು, ಅದರದೇ ಅಡಾಪ್ಟರ್ ಮರೆಯದೆ ಒಯ್ಯಬೇಕು. ಟೋನೆಕ್ಸ್ ಒನ್ ಮಾಮೂಲಿ 9 ವೋಲ್ಟ್ ಪೆಡಲ್ ಅಡಾಪ್ಟರ್‌ನಲ್ಲೇ ಸದ್ದಿಲ್ಲದೆ ಬದುಕುತ್ತದೆ.

ಸೌಂಡ್ ಚೆಕ್‌ನಲ್ಲಿ ಮರ್ಯಾದೆ ಹೋದದ್ದು ಮೂರರಿಂದಲೂ ಅಲ್ಲ, ನನ್ನ ಪ್ಯಾಚ್‌ಗಳಿಂದ, ಅಂದರೆ ಮೊದಲೇ ಮಾಡಿ ಉಳಿಸಿಟ್ಟ ಸೆಟ್ಟಿಂಗ್‌ಗಳಿಂದ. ಮನೆಯಲ್ಲಿ ಅಮ್ಮ ಮಲಗಿದ ಮೇಲೆ ಮೆಲ್ಲಗೆ ಕೇಳಿಕೊಂಡು ಮಾಡಿದವು. ಸದ್ದು ಕಡಿಮೆ ಇದ್ದಾಗ ಬಾಸ್, ಟ್ರೆಬಲ್ ಎರಡೂ ಕಿವಿಗೆ ಕಡಿಮೆ ಬೀಳುತ್ತವೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ ವಿಷಯ ಇದು. ನಾನು ಅವೆರಡನ್ನೂ ಏರಿಸಿ, ಅವುಗಳ ನಡುವಿನ ಮಿಡ್ ಇಳಿಸಿ ಇಟ್ಟಿದ್ದೆ. ಪೆಂಡಾಲ್ ಸ್ಪೀಕರ್‌ನಲ್ಲಿ ಬಾಸ್ ಗುಡುಗಿತು, ಟ್ರೆಬಲ್ ಕುಯ್ಯಿತು, ಗಿಟಾರ್ ಮಾತ್ರ ಕೇಳಲಿಲ್ಲ. "ಮೇಡಂ, ಗಿಟಾರ್ ಇದೆಯಾ?" ಅಂದರು ಸೌಂಡ್‌ನವರು. ಮಿಡ್ ಏರಿಸಿದೆ, 100 ಹರ್ಟ್ಸ್ ಕೆಳಗಿನದನ್ನೂ 6000ದ ಮೇಲಿನದನ್ನೂ ಕತ್ತರಿಸಿದೆ. ಆಮೇಲೆ ಅವರ ಕೈ ನನ್ನ ಫೇಡರ್ ಕಡೆ ಬರಲಿಲ್ಲ.

ಈಗ ನನ್ನ ಬ್ಯಾಗಿನಲ್ಲಿ ಎರಡು ಪೆಟ್ಟಿಗೆ ಇವೆ. ಸ್ಟಾಂಪ್‌ನ ಸೆಂಡ್ ಮತ್ತು ರಿಟರ್ನ್ (ಸಿಗ್ನಲ್ ಹೊರಗೆ ಕಳಿಸಿ ವಾಪಸ್ ತರುವ ಕಿಂಡಿಗಳು) ನಡುವೆ ಟೋನೆಕ್ಸ್ ಒನ್ ಸಿಕ್ಕಿಸಿದ್ದೇನೆ, ಸೆಂಡ್ ಲೆವೆಲ್ ಇನ್ಸ್ಟ್ರುಮೆಂಟ್‌ಗೆ ಇಟ್ಟು. ಎಂಟರಲ್ಲಿ ಒಂದು ಬ್ಲಾಕ್ ಹೋಗುತ್ತದೆ, ಹೋಗಲಿ. ಬೆರಳಿಗೆ ಆಂಪ್ ಬೇಕೆನ್ನುವ ಹಾಡುಗಳಿಗೆ ಡಿಲಕ್ಸ್‌ನ ಆ ಕ್ಯಾಪ್ಚರ್, ಉಳಿದದ್ದಕ್ಕೆಲ್ಲ ಸ್ಟಾಂಪ್‌ನ ಒಳಗಿನ ಆಂಪ್. ನ್ಯಾಮ್ ಮನೆಯಲ್ಲಿ ರೆಕಾರ್ಡಿಂಗ್‌ಗೆ ಉಳಿದಿದೆ. ತಮ್ಮ ತನ್ನ ಟೋನೆಕ್ಸ್ ವಾಪಸ್ ಕೇಳಿದ್ದಾನೆ. ದೀಪಾವಳಿ ಕಾರ್ಯಕ್ರಮ ಆಗಲಿ ಅಂದಿದ್ದೇನೆ.