ಬೀದರ್ ಬಿಸಿಲಲ್ಲಿ ಒಂದು ಮುಖ: ಫ್ಲ್ಯಾಶೋ, ಥರ್ಮೋಕೋಲೋ, ತಲಬಾಗಿಲ ನೆರಳೋ?

ಏಪ್ರಿಲ್ ಕೊನೆಯ ವಾರ. ಆಗ ಬೀದರ್‌ನಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನಡುನೆತ್ತಿಗೆ ಬಂದಿರುತ್ತಾನೆ. ಅಕ್ಕನ ಮಗಳ ಡಿಗ್ರಿ ಮುಗಿದಿತ್ತು, ಒಳ್ಳೆಯ ಫೋಟೊ ಬೇಕಿತ್ತು. ನನಗೂ ಬಹಳ ದಿನದ ಅನುಮಾನವೊಂದಿತ್ತು: ಬಯಲಲ್ಲಿ ಮುಖ ತೆಗೆಯಲು ಫ್ಲ್ಯಾಶ್ ಒಳ್ಳೆಯದೋ, ಬಿಸಿಲನ್ನು ಮುಖಕ್ಕೆ ತಿರುಗಿಸುವ ಬಿಳಿ ಥರ್ಮೋಕೋಲ್ ಹಲಗೆಯೋ, ಸುಮ್ನೆ ನೆರಳೋ? ಅದೇ ಕ್ಯಾಮೆರಾ, ಅದೇ 50 ಎಂಎಂ ಲೆನ್ಸ್, ಅದೇ ಮುಖ. ಒಂದೇ ದಿನ ಮೂರನ್ನೂ ನೋಡಿದೆ.

ಹನ್ನೆರಡೂವರೆಗೆ ಅಂಗಳದ ನಡುವೆ ಫ್ಲ್ಯಾಶ್. ನೆತ್ತಿ ಮೇಲಿನ ಬಿಸಿಲಿಗೆ ಕಣ್ಣಿನ ಗುಳಿ ಕಪ್ಪಾಗುತ್ತದೆ, ಮೂಗಿನ ನೆರಳು ತುಟಿ ಮೇಲೆ ಬೀಳುತ್ತದೆ. ಫ್ಲ್ಯಾಶ್ ಆ ಕಪ್ಪನ್ನು ಅಳಿಸಿತು, ನಿಜ. ಆದರೆ ನನ್ನ ಕ್ಯಾಮೆರಾದಲ್ಲಿ ಫ್ಲ್ಯಾಶ್ ಹಚ್ಚಿದರೆ ಶಟರ್ ವೇಗ ಸಾಮಾನ್ಯವಾಗಿ 1/200 ಸೆಕೆಂಡ್ ದಾಟುವುದಿಲ್ಲ. ಐಎಸ್‌ಒ 100 (ಬೆಳಕಿಗೆ ಸೆನ್ಸರಿನ ಸ್ಪಂದನೆ ತೀರಾ ಕಡಿಮೆ) ಇಟ್ಟರೂ ಆ ಬಿಸಿಲಿಗೆ ಲೆನ್ಸಿನ ಕಿಂಡಿಯನ್ನು ಎಫ್ 11ಕ್ಕೆ ಕಿರಿದಾಗಿಸಬೇಕಾಯಿತು. ಆಗ ಹಿಂದಿನ ನೀರಿನ ಡ್ರಮ್ಮು, ಬಟ್ಟೆ ಒಣಹಾಕಿದ ಹಗ್ಗ ಎಲ್ಲವೂ ಮುಖದಷ್ಟೇ ಸ್ಪಷ್ಟ! ಶಟರ್ ಇನ್ನೂ ವೇಗವಾದರೂ ಫ್ಲ್ಯಾಶ್ ಕೆಲಸ ಮಾಡುವ ಹೈಸ್ಪೀಡ್ ಸಿಂಕ್ ಹಾಕಿ, ಕಿಂಡಿ ಅಗಲಿಸಿ ಎಫ್ 2.8, 1/3200 ಮಾಡಿದೆ. ಹಿನ್ನೆಲೆ ಮಸುಕಾಯಿತು, ಜೊತೆಗೆ ಫ್ಲ್ಯಾಶಿನ ಕಸುವೂ ಹೋಯಿತು. ಮೂರಡಿ ಹತ್ತಿರ ತಂದಾಗಲೇ ಬೆಳಕು ಮುಖ ಮುಟ್ಟಿತು.

ಅದೇ ಜಾಗದಲ್ಲಿ ಥರ್ಮೋಕೋಲನ್ನು ಸೊಂಟದ ಹತ್ತಿರ ಹಿಡಿಸಿದೆ. ಮುಖ ಬೆಳಗಿತು. ಆದರೆ ಅವಳು, "ಮಾಮಾ, ಕಣ್ಣ ತೆಗಿಲಿಕ್ಕೇ ಆಗವಲ್ದು" ಅಂದಳು. ಅಲ್ಲಿಗೆ ಅದನ್ನು ಬಿಟ್ಟೆ.

ಬೇವಿನ ಮರದ ಕೆಳಗೂ ನಿಲ್ಲಿಸಿದೆ. ಎಲೆಗಳ ಸಂದಿಯಿಂದ ಕೆನ್ನೆ ಮೇಲೆ ಬಿಸಿಲಿನ ಚುಕ್ಕೆಗಳು. ಬೇಡ.

ತಲಬಾಗಿಲಿಗೆ ಬಂದಾಗ ಆಟವೇ ಬದಲಾಯಿತು. ಹೊಸ್ತಿಲಿನಿಂದ ಎರಡು ಹೆಜ್ಜೆ ಒಳಗೆ, ಮುಖ ಅಂಗಳದ ಕಡೆಗೆ. ಬಿಸಿಲು ಮೈಗೆ ತಾಕುವುದಿಲ್ಲ, ಆದರೆ ಅಂಗಳದ ಬೆಳಕೆಲ್ಲ ತಿರುಗಿ ಮುಖಕ್ಕೆ ಬರುತ್ತದೆ. ಕಣ್ಣೊಳಗೆ ಬಾಗಿಲಿನ ಆಕಾರದ ಹೊಳಪು. ಐಎಸ್‌ಒ 200, ಎಫ್ 2.8, 1/250. ಹಿಂದಿನ ಪಡಸಾಲೆ ತಾನಾಗಿಯೇ ಕತ್ತಲಾಯಿತು. ಒಂದೇ ತೊಂದರೆ, ಬಣ್ಣ. ನಮ್ಮ ಅಂಗಳಕ್ಕೆ ಹಾಸಿರುವುದು ಬೀದರ್ ಕೋಟೆಯಲ್ಲಿ ಕಾಣುವ ಅದೇ ಕೆಂಪು ಜಂಬಿಟ್ಟಿಗೆ ಕಲ್ಲು. ಅದಕ್ಕೆ ಬಡಿದು ಬಂದ ಬೆಳಕೂ ಕೆಂಪೇ. ಗದ್ದದ ಕೆಳಗೆ ಇಟ್ಟಿಗೆ ಬಣ್ಣ ಬಂತು. ಬಣ್ಣವನ್ನು ಕ್ಯಾಮೆರಾವೇ ಹೊಂದಿಸುವ ಆಟೊ ವೈಟ್ ಬ್ಯಾಲೆನ್ಸ್ ಅದನ್ನು ಸರಿಮಾಡಲು ಹೋಗಿ ಹಣೆಯನ್ನು ನೀಲಿ ಮಾಡಿತು. ಕೊನೆಗೆ ಅಪ್ಪನ ಬಿಳಿ ಧೋತರ ತಂದು ಹೊಸ್ತಿಲ ಹೊರಗೆ ಬಿಸಿಲಲ್ಲಿ ಹಾಸಿದೆ. ಇನ್ನೊಂದು ಬಿಳಿ ಬಟ್ಟೆಯನ್ನು ಅವಳ ಮುಖದ ಹತ್ತಿರ ಹಿಡಿದು, ಅದನ್ನೇ ನೋಡಿ ವೈಟ್ ಬ್ಯಾಲೆನ್ಸ್ ಕೈಯಾರೆ ಹೊಂದಿಸಿದೆ. ಕೆಂಪು ಹೋಯಿತು, ಗದ್ದದ ಕೆಳಗಿನ ನೆರಳೂ ತಿಳಿಯಾಯಿತು. ಆ ದಿನದ ಅತ್ಯುತ್ತಮ ಫೋಟೊ ಅದೇ. ಅಕ್ಕ ಅದನ್ನೇ ಫ್ರೇಮ್ ಹಾಕಿಸಿದ್ದಾಳೆ.

ಸಂಜೆ ಆರಕ್ಕೆ ಬೀದರ್ ಹತ್ತಿರದ ಅಷ್ಟೂರಿನ ದಾರಿಯಲ್ಲಿ ಉಳುಮೆಯಾದ ಹೊಲ. ಸೂರ್ಯನನ್ನು ಅವಳ ಬೆನ್ನಿಗೆ ಇಟ್ಟೆ. ಕೂದಲಂಚು ಹೊನ್ನಾಯಿತು, ಮುಖ ಮಬ್ಬು. ಸ್ಪಾಟ್ ಮೀಟರಿಂಗ್‌ನಲ್ಲಿ (ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ವಿಧಾನ) ಬೆಳಕನ್ನು ಮುಖದ ಮೇಲೆಯೇ ಅಳೆಯಬೇಕು, ಇಲ್ಲದಿದ್ದರೆ ಕ್ಯಾಮೆರಾ ಆಕಾಶ ನೋಡಿ ಮುಖವನ್ನು ಇನ್ನೂ ಕಪ್ಪು ಮಾಡುತ್ತದೆ. ಇಲ್ಲಿ ಥರ್ಮೋಕೋಲ್ ಗೆದ್ದಿತು. ಬಿಸಿಲಿನ ಬಣ್ಣವನ್ನೇ ಅದು ಮುಖಕ್ಕೂ ಕೊಡುತ್ತದೆ. ಬರೀ ಫ್ಲ್ಯಾಶ್ ಹೊಡೆದರೆ ಹೊನ್ನಿನ ಬೆಳಕಿನ ನಡುವೆ ಮುಖ ಮಾತ್ರ ಬಿಳಚಿಕೊಂಡು ಬೇರೆಯಾಗಿ ಕಾಣುತ್ತದೆ. ಆದರೆ ಹಲಗೆ ಹಿಡಿಯಲು ಒಬ್ಬರು ಬೇಕೇ ಬೇಕು. ಆರೂಕಾಲಿಗೆ ಗಾಳಿ ಎದ್ದಿತು, ತಮ್ಮನ ಕೈಯಲ್ಲೇ ಹಲಗೆ ಎರಡು ತುಂಡಾಯಿತು.

ಸೂರ್ಯ ಮುಳುಗಿದ ಮೇಲೆ ಹಲಗೆಗೆ ಹೇಗೂ ಕೆಲಸವಿಲ್ಲ. ಆಗ ಫ್ಲ್ಯಾಶಿಗೆ ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಕಟ್ಟಿ, ಪವರ್ 1/16ಕ್ಕೆ ಇಳಿಸಿ, ಎಡಗೈಯಲ್ಲಿ ಪಕ್ಕಕ್ಕೆ ಚಾಚಿ ಹಿಡಿದೆ. ಎಫ್ 2.8, 1/100. ನೇರಳೆ ಆಕಾಶವೂ ಉಳಿಯಿತು, ಅವಳ ಮುಖವೂ ಉಳಿಯಿತು. ಆ ಹತ್ತು ನಿಮಿಷಕ್ಕಾಗಿ ಫ್ಲ್ಯಾಶ್ ಈಗಲೂ ನನ್ನ ಚೀಲದಲ್ಲಿ ಇರುತ್ತದೆ.